ಕಣ್ಕಟ್ಟನ್ನೇ ವೃತ್ತಿಯಾಗಿಸಿಕೊಂಡ ಜಾದೂಗಾರರು ವೈಚಾರಿಕತೆಯ ಪಾಠ ಹೇಳಬಹುದೇ?

ಪ್ರಶ್ನೆ: ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಈ ಬಳಗದಲ್ಲಿ ವೃತ್ತಿಯಿಂದ ಜಾದೂಗಾರರಾಗಿರುವವರೂ ಇದ್ದಾರೆ ಎಂಬ ಭರವಸೆಯಿಂದ ಈ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ.

ಇತ್ತೀಚೆಗೆ ನಮ್ಮ ಶಾಲೆಯಲ್ಲಿ ‘ಪವಾಡ ರಹಸ್ಯ ಬಯಲು’ ಕಾರ್ಯಕ್ರಮ ನಡೆಯಿತು. ಬಂದಿದ್ದ ಕಲಾವಿದರು ಬರಿಗೈಯಿಂದ ವಿಭೂತಿ ಉದುರಿಸಿದರು, ಉರಿಯುವ ಕರ್ಪೂರವನ್ನು ನಾಲಿಗೆಯ ಮೇಲಿಟ್ಟುಕೊಂಡರು, ಬೆಂಕಿಕಡ್ಡಿ ಗೀರದೆ ಹೋಮಕುಂಡವನ್ನು ಹೊತ್ತಿಸಿದರು. ಆಮೇಲೆ ಒಂದೊಂದರ ಹಿಂದಿನ ಕಾರಣವನ್ನೂ ಬಿಡಿಸಿ ಹೇಳಿದರು. ಮರುದಿನ ತರಗತಿಯಲ್ಲಿ ಮಕ್ಕಳನ್ನು ಮಾತನಾಡಿಸಿದಾಗ ಎರಡು ಬಗೆಯ ಉತ್ತರಗಳು ಬಂದವು. ಜಾದೂ ಎಂದರೆ ಬರೀ ಮೋಸ, ಅದನ್ನು ನೋಡುವುದೇ ದಡ್ಡತನ ಎಂದು ಕೆಲವರು ಹೇಳಿದರು. ಬಂದಿದ್ದವರಿಗೆ ನಿಜವಾಗಿಯೂ ಯಾವುದೋ ಸಿದ್ಧಿ ಇದೆ, ಅದನ್ನು ಮುಚ್ಚಿಡಲು ವಿಜ್ಞಾನದ ಹೆಸರು ಹೇಳುತ್ತಾರೆ ಎಂದು ಇನ್ನು ಕೆಲವರು ವಾದಿಸಿದರು. ಎರಡೂ ನಾವು ಬಯಸಿದ ಉತ್ತರಗಳಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಜನರನ್ನು ಭ್ರಮೆಗೆ ಒಳಪಡಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡವರ ಮಾತನ್ನು ಭ್ರಮೆಯ ವಿಷಯದಲ್ಲಿ ನಾವೇಕೆ ನಂಬಬೇಕು? ರಹಸ್ಯವನ್ನೆಲ್ಲ ಹೇಳಿಬಿಟ್ಟರೆ ಆ ಕಲೆಯ ಸೊಗಸು ಉಳಿಯುತ್ತದೆಯೇ? ಇದರ ಜೊತೆಗೆ, ಮೊಬೈಲಿನಲ್ಲಿ ಮನಸ್ಸು ಓದುವವರ ವಿಡಿಯೊ ನೋಡಿದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಮುಖಭಾವವನ್ನು ನೋಡಿಯೇ ಒಬ್ಬರ ಎಟಿಎಂ ಪಿನ್ ಹೇಳಲು ಸಾಧ್ಯವೇ ಎಂದು ಕೇಳಿದ್ದಾಳೆ. ಅವಳಿಗೆ ಏನು ಹೇಳಲಿ?

ಉತ್ತರ 1: ವೃತ್ತಿನಿರತ ಜಾದೂಗಾರ, ಮೈಸೂರು

ಮೇಡಂ, ನಮಸ್ಕಾರ. ನಿಮ್ಮ ಮೊದಲ ಪ್ರಶ್ನೆ ಜಾದೂಗಾರರಾದ ನಾವೇ ನಮ್ಮನ್ನು ಕೇಳಿಕೊಳ್ಳಬೇಕಾದದ್ದು. ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಟಿಕೆಟ್ ಕೊಂಡು ಸಭಾಂಗಣದೊಳಗೆ ಬರುವವರಿಗೆ ಅಲ್ಲಿ ತಮ್ಮ ಕಣ್ಣು ಮೋಸಹೋಗಲಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ಅದಕ್ಕೆ ಅವರ ಒಪ್ಪಿಗೆಯೂ ಇರುತ್ತದೆ. ಪ್ರದರ್ಶನ ಮುಗಿಸಿ ಮನೆಗೆ ಹೋದವರು ನನ್ನ ಮಾತು ಕೇಳಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವುದಿಲ್ಲ, ಜಮೀನು ಬರೆದುಕೊಡುವುದಿಲ್ಲ, ನೆರೆಮನೆಯವರು ಮಾಟ ಮಾಡಿಸಿದ್ದಾರೆಂದು ಜಗಳ ತೆಗೆಯುವುದಿಲ್ಲ. ಆಧುನಿಕ ರಂಗ ಜಾದೂವಿಗೆ ಅಡಿಪಾಯ ಹಾಕಿದ ಫ್ರಾನ್ಸಿನ ರಾಬರ್ಟ್ ಹೂಡಿನ್, ಜಾದೂಗಾರನೆಂದರೆ ಮಾಂತ್ರಿಕನ ಪಾತ್ರ ವಹಿಸುವ ನಟ ಎಂದಿದ್ದರು. ಪಾತ್ರವನ್ನು ಪಾತ್ರವೆಂದು ಒಪ್ಪಿಕೊಂಡಿರುವವರೆಗೆ ಅಲ್ಲಿ ವಂಚನೆ ಇಲ್ಲ. ವೇದಿಕೆಯಿಂದ ಕೆಳಗಿಳಿದ ಮೇಲೂ ನಾನು ಮಾಂತ್ರಿಕನೇ ಎಂದು ಹೇಳಿಕೊಂಡ ಗಳಿಗೆಯಿಂದ ವಂಚನೆ ಶುರುವಾಗುತ್ತದೆ.

ಆದರೆ ಅದೇ ಹೂಡಿನ್ ಅವರ ಬದುಕಿನಲ್ಲಿ ನನ್ನನ್ನು ಇಂದಿಗೂ ಕಾಡುವ ಒಂದು ಘಟನೆ ಇದೆ. 1856ರಲ್ಲಿ ಫ್ರೆಂಚ್ ಸರ್ಕಾರ ಅವರನ್ನು ತನ್ನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾಕ್ಕೆ ಕಳುಹಿಸಿತು. ಅಲ್ಲಿನ ಮರಬೂಗಳೆಂಬ ಧಾರ್ಮಿಕ ಪುರುಷರಿಗೆ ಜನರ ಮೇಲಿದ್ದ ಪ್ರಭಾವವನ್ನು ಕುಗ್ಗಿಸುವುದು ಆ ಪ್ರವಾಸದ ಉದ್ದೇಶ. ಮಗುವೂ ಎತ್ತಬಹುದಾದ ಸಣ್ಣ ಪೆಟ್ಟಿಗೆಯೊಂದನ್ನು ಮುಂದಿಟ್ಟು, ನಿನ್ನ ಬಲವನ್ನು ಕಿತ್ತುಕೊಂಡಿದ್ದೇನೆ ಎಂದು ಕಟ್ಟುಮಸ್ತಾದ ಆಳೊಬ್ಬನಿಗೆ ಹೇಳಿ, ಅವನು ಎಷ್ಟು ಒದ್ದಾಡಿದರೂ ಪೆಟ್ಟಿಗೆ ಅಲುಗಾಡದಂತೆ ಮಾಡಿದರು. ಪೆಟ್ಟಿಗೆಯ ತಳದಲ್ಲಿ ಕಬ್ಬಿಣವಿತ್ತು, ವೇದಿಕೆಯ ಅಡಿಯಲ್ಲಿ ವಿದ್ಯುತ್ಕಾಂತವಿತ್ತು. ಮೂಢನಂಬಿಕೆಯ ಮೇಲೆ ವಿಜ್ಞಾನದ ಗೆಲುವೆಂದು ಇದನ್ನು ವರ್ಣಿಸುವವರುಂಟು. ನಾನು ಹಾಗೆ ಹೇಳಲಾರೆ. ಆಳುವವರ ಪರವಾಗಿ ಆಳಿಸಿಕೊಳ್ಳುವವರನ್ನು ಹೆದರಿಸಿದ ಕೆಲಸ ಅದು. ಆದ್ದರಿಂದ ಜಾದೂಗಾರರು ಹೇಳಿದ್ದೆಲ್ಲ ವೈಚಾರಿಕತೆ ಎಂದು ಮಕ್ಕಳಿಗೆ ಕಲಿಸಬೇಡಿ. ನಮ್ಮ ಮಾತನ್ನೂ ಪರೀಕ್ಷಿಸಿಯೇ ಒಪ್ಪಲಿ.

ಹಾಗಿದ್ದರೂ ಪವಾಡಗಳ ಪರೀಕ್ಷೆಗೆ ಜಾದೂಗಾರರು ಬೇಕು ಎನ್ನುವುದಕ್ಕೆ ಗಟ್ಟಿಯಾದ ಕಾರಣವಿದೆ. ವಿಜ್ಞಾನಿಯ ಎದುರಿಗಿರುವುದು ಪ್ರಕೃತಿ. ಅದು ಕಠಿಣವಾಗಿರಬಹುದು, ಆದರೆ ಬೇಕೆಂದೇ ಸುಳ್ಳು ಹೇಳುವುದಿಲ್ಲ. ಎದುರಿಗಿರುವವರು ಬೇಕೆಂದೇ ಸುಳ್ಳು ಹೇಳುತ್ತಿರಬಹುದೆಂಬ ಎಚ್ಚರದಲ್ಲಿ ಪ್ರಯೋಗ ನಡೆಸುವ ತರಬೇತಿ ಪ್ರಯೋಗಾಲಯಗಳಲ್ಲಿ ಸಿಗುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ವಿಮಾನ ಉದ್ಯಮಿಯೊಬ್ಬರು ಕೊಟ್ಟ ಐದು ಲಕ್ಷ ಡಾಲರ್ ಅನುದಾನದಿಂದ 1979ರಲ್ಲಿ ಅತೀಂದ್ರಿಯ ಶಕ್ತಿಗಳ ಸಂಶೋಧನೆಗೆಂದು ಒಂದು ಪ್ರಯೋಗಾಲಯ ಆರಂಭವಾಯಿತು. ಜಾದೂಗಾರ ಜೇಮ್ಸ್ ರ‍್ಯಾಂಡಿ ಅಲ್ಲಿಗೆ ಪತ್ರ ಬರೆದು, ಯಾವ ಯಾವ ಎಚ್ಚರಿಕೆ ವಹಿಸಬೇಕೆಂದು ತಿಳಿಸಿದರು, ತಾವೇ ಬಂದು ನೆರವಾಗುವುದಾಗಿಯೂ ಹೇಳಿದರು. ಅದೇ ಹೊತ್ತಿಗೆ, ಕೈಚಳಕ ಬಲ್ಲ ಹದಿಹರೆಯದ ಇಬ್ಬರು ಹುಡುಗರು ಅತೀಂದ್ರಿಯ ಶಕ್ತಿಯುಳ್ಳವರಂತೆ ಅದೇ ಪ್ರಯೋಗಾಲಯವನ್ನು ಸೇರುವಂತೆ ನೋಡಿಕೊಂಡರು.

ಅವರು ಚಮಚ ಬಗ್ಗಿಸಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಂಶೋಧಕರು ಪ್ರತಿ ಚಮಚಕ್ಕೂ ಸಂಖ್ಯೆ ಬರೆದ ಚೀಟಿಯನ್ನು ದಾರದಿಂದ ಕಟ್ಟಿ, ಅದರ ಅಳತೆಯನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದರು. ಚೀಟಿ ಕೈಗೆ ಅಡ್ಡ ಬರುತ್ತದೆ ಎಂದು ಹುಡುಗರು ಅದನ್ನು ಬಿಚ್ಚುವರು, ಆಮೇಲೆ ಒಂದರ ಚೀಟಿಯನ್ನು ಇನ್ನೊಂದಕ್ಕೆ ಸಿಕ್ಕಿಸಿಬಿಡುವರು. ಮತ್ತೆ ಅಳೆದಾಗ ಎರಡೂ ಚಮಚಗಳ ಅಳತೆ ಬದಲಾಗಿರುತ್ತಿತ್ತು! ಚಮಚವನ್ನು ಬಗ್ಗಿಸುವ ಕೆಲಸವೇ ಇರಲಿಲ್ಲ. ನೀವು ಮೋಸ ಮಾಡುತ್ತಿದ್ದೀರಾ ಎಂದು ಯಾರಾದರೂ ನೇರವಾಗಿ ಕೇಳಿದರೆ ಹೌದು ಎಂದು ಒಪ್ಪಿಕೊಂಡು ರ‍್ಯಾಂಡಿಯ ಹೆಸರು ಹೇಳಬೇಕೆಂಬ ಕರಾರು ಹುಡುಗರಿಗಿತ್ತು. ಯಾರೂ ಹಾಗೆ ಕೇಳಲಿಲ್ಲ. ನಿಯಮಗಳನ್ನು ಬಿಗಿಗೊಳಿಸಿದ ಮೇಲೆ ಹುಡುಗರ ಶಕ್ತಿಯೂ ಕುಗ್ಗಿತು. 1983ರಲ್ಲಿ ಪತ್ರಿಕಾಗೋಷ್ಠಿ ಕರೆದು ರ‍್ಯಾಂಡಿ ಎಲ್ಲವನ್ನೂ ಬಹಿರಂಗಪಡಿಸಿದರು. ವಿಜ್ಞಾನಿಗಳನ್ನು ಹೀಗೆ ಪರೀಕ್ಷೆಗೆ ಒಡ್ಡಿದ್ದು ಸರಿಯೇ ಎಂಬ ಚರ್ಚೆ ಆಗ ಜೋರಾಗಿಯೇ ನಡೆದಿತ್ತು. ಮೊದಲೇ ಎಚ್ಚರಿಸಿ ಪತ್ರ ಬರೆದಿದ್ದರಿಂದ ಅದು ಸರಿ ಎಂಬುದು ನನ್ನ ನಿಲುವು.

ಅವರಿಗೆ ಸಿದ್ಧಿ ಇದ್ದೇ ಇದೆ ಎಂದ ನಿಮ್ಮ ಮಕ್ಕಳ ಬಗ್ಗೆ ಬೇಸರಪಡಬೇಡಿ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಇದೇ ಮಾತನ್ನು ಅಮೆರಿಕದ ಜಾದೂಗಾರ ಹ್ಯಾರಿ ಹೂಡಿನಿಯ ಬಗ್ಗೆ ಹೇಳಿದ್ದರು. ಸಂಕೋಲೆ, ಪೆಟ್ಟಿಗೆ, ಬೀಗಗಳಿಂದ ಬಿಡಿಸಿಕೊಂಡು ಬರುವುದು ಬರೀ ಅಭ್ಯಾಸದ ಫಲ ಎಂದು ಹೂಡಿನಿ ಸ್ವತಃ ಎಷ್ಟು ಹೇಳಿದರೂ ಡಾಯ್ಲ್ ನಂಬಲಿಲ್ಲ. ಆತನಿಗೆ ಅಲೌಕಿಕ ಶಕ್ತಿಯಿದೆ ಎಂದು ಹೂಡಿನಿ 1926ರಲ್ಲಿ ತೀರಿಕೊಂಡ ಮೇಲೂ ಬರೆದರು. ಇಬ್ಬರ ಸ್ನೇಹ ಮುರಿದದ್ದು 1922ರ ಬೇಸಿಗೆಯಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಒಂದು ಪ್ರಸಂಗದಿಂದ. ಡಾಯ್ಲ್ ಅವರ ಪತ್ನಿ ಕಾಗದ ಪೆನ್ಸಿಲು ಹಿಡಿದು ಕುಳಿತು, ತೀರಿಕೊಂಡಿದ್ದ ಹೂಡಿನಿಯ ತಾಯಿಯ ಆತ್ಮವೇ ಬರೆಸುತ್ತಿದೆ ಎಂದು ಪುಟಗಟ್ಟಲೆ ಬರೆದರು. ಬರಹದ ಆರಂಭದಲ್ಲಿ ಶಿಲುಬೆಯ ಗುರುತಿತ್ತು, ಭಾಷೆ ಇಂಗ್ಲಿಷ್ ಆಗಿತ್ತು. ಆ ತಾಯಿ ಯಹೂದಿ ಧರ್ಮಗುರುವಿನ ಪತ್ನಿ. ಮಗನೊಡನೆ ಇಂಗ್ಲಿಷಿನಲ್ಲಿ ಮಾತನಾಡಿದವರೇ ಅಲ್ಲ. ಅಮ್ಮನ ಮಾತಿಗಾಗಿ ಹಂಬಲಿಸುತ್ತಿದ್ದ ಮಗ ಹೂಡಿನಿ. ನಂಬಬೇಕೆಂಬ ಆಸೆ ಆತನಿಗೇ ಎಲ್ಲರಿಗಿಂತ ಹೆಚ್ಚಾಗಿತ್ತು. ಆದರೂ ಕಣ್ಣೆದುರಿಗಿದ್ದ ಸಾಕ್ಷ್ಯವನ್ನು ಬಿಟ್ಟುಕೊಡಲಿಲ್ಲ. ಅಂತಹ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ರಹಸ್ಯ ಹೇಳುವ ವಿಷಯದಲ್ಲಿ ನನ್ನ ನಿಯಮ ಸರಳವಾದದ್ದು. ವಂಚಕರು ಬಳಸುವುದನ್ನು ಹೇಳುತ್ತೇನೆ, ಸಹಕಲಾವಿದರು ಹೊಟ್ಟೆಪಾಡಿಗೆ ಬಳಸುವುದನ್ನು ಹೇಳುವುದಿಲ್ಲ. ವಿಭೂತಿಯ ಸಂಗತಿಯನ್ನು ಹೇಳಬಹುದು, ಅದನ್ನು ವಿಚಾರವಾದಿಗಳಾದ ಏಬ್ರಹಾಂ ಕೋವೂರ್, ಬಿ. ಪ್ರೇಮಾನಂದ್ ಮೊದಲಾದವರು ಹತ್ತಾರು ವರ್ಷಗಳ ಹಿಂದೆಯೇ ಊರೂರಿಗೆ ತೋರಿಸಿದ್ದಾರೆ. ಬೂದಿಯನ್ನು ಅನ್ನದ ಗಂಜಿಯಲ್ಲಿ ಕಲಸಿ, ಸಣ್ಣ ಗುಳಿಗೆ ಮಾಡಿ ಒಣಗಿಸಿ, ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಅಂಗೈ ಪೂರ್ತಿ ತೆರೆದಂತೆ ಕಾಣುತ್ತದೆ. ಕೈಯನ್ನು ಗಾಳಿಯಲ್ಲಿ ವೃತ್ತಾಕಾರವಾಗಿ ತಿರುಗಿಸುವಾಗ ಗುಳಿಗೆ ಬೆರಳ ತುದಿಗೆ ಬರುತ್ತದೆ, ಒತ್ತಿದರೆ ಪುಡಿಯಾಗಿ ಉದುರುತ್ತದೆ. ಇಷ್ಟು ಗೊತ್ತಾದ ಮಾತ್ರಕ್ಕೆ ಯಾರೂ ಜಾದೂಗಾರರಾಗುವುದಿಲ್ಲ. ಆ ಕೈ ತಿರುಗಿಸುವಾಗ ಮುಖದಲ್ಲಿ, ಮಾತಿನಲ್ಲಿ ಏನಿರಬೇಕು ಎಂಬುದನ್ನು ಕಲಿಯಲು ವರ್ಷಗಳು ಬೇಕು. ಸೊಗಸು ಇರುವುದು ಅಲ್ಲಿ. ಗುಳಿಗೆಯ ಗುಟ್ಟು ತಿಳಿದರೆ ಅದು ಹೋಗುವುದಿಲ್ಲ.

ಇನ್ನು ಮನಸ್ಸು ಓದುವ ವಿಡಿಯೊ. ಮುಖಭಾವ ನೋಡಿ ನಾಲ್ಕು ಅಂಕಿಗಳನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ ಎಂದು ಆ ಹುಡುಗಿಗೆ ಖಚಿತವಾಗಿ ತಿಳಿಸಿ. ನಮ್ಮಲ್ಲೇ ಕೆಲವರು, ಇದು ಮಂತ್ರವಲ್ಲ, ಮನೋವಿಜ್ಞಾನ ಎಂದು ಹೇಳಿ ಜಾದೂ ತೋರಿಸುತ್ತಾರೆ. ಅದೂ ಪಾತ್ರದ ಒಂದು ಭಾಗವೇ. ವೇದಿಕೆಯ ಮೇಲೆ ಇದನ್ನು ಕ್ಷಮಿಸಬಹುದು. ಆದರೆ ಅದೇ ಜನ ಕಚೇರಿಗಳಿಗೆ ಹೋಗಿ ದೇಹಭಾಷೆಯಿಂದ ಸುಳ್ಳು ಹಿಡಿಯುವ ತರಬೇತಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ದೇವರ ಹೆಸರಿನ ಸುಳ್ಳನ್ನು ಬಯಲು ಮಾಡುವವರು ವಿಜ್ಞಾನದ ಹೆಸರಿನ ಸುಳ್ಳನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಉತ್ತರ 2: ಜನಪದ ಕಲೆಗಳ ಅಧ್ಯಯನದಲ್ಲಿ ತೊಡಗಿರುವವರು, ಕಲಬುರಗಿ

ಮೈಸೂರಿನ ಸರ್ ಅವರ ಮಾತುಗಳಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೆ ವಂಚಕರು ಬಳಸುವುದನ್ನು ಹೇಳುತ್ತೇನೆ, ಕಲಾವಿದರು ಬಳಸುವುದನ್ನು ಹೇಳುವುದಿಲ್ಲ ಎಂಬ ಗೆರೆ ಅವರು ತಿಳಿದಷ್ಟು ಸ್ಪಷ್ಟವಾಗಿಲ್ಲ. ಸಭಾಂಗಣ, ಟಿಕೆಟ್, ದೀಪದ ವ್ಯವಸ್ಥೆ ಇರುವ ಕಲಾವಿದರನ್ನು ಮನಸ್ಸಿನಲ್ಲಿಟ್ಟುಕೊಂಡು ಎಳೆದ ಗೆರೆ ಅದು. ಸಂತೆಯಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ ಬುಟ್ಟಿ ಇಳಿಸಿ ಮೋಡಿ, ಗಾರುಡಿ ಆಡುವ ಸುಡುಗಾಡು ಸಿದ್ಧರಂತಹ ಅಲೆಮಾರಿಗಳ ಸಂಗತಿ ಬೇರೆ. ಅವರ ಆಟದಲ್ಲಿ ಕೈಚಳಕವೂ ಇದೆ, ದೇವರ ಹೆಸರೂ ಇದೆ, ಕೊನೆಯಲ್ಲಿ ತಾಯಿತವೂ ಇದೆ. ಮೂರನ್ನೂ ಬೇರ್ಪಡಿಸಿ ನೋಡುವ ವ್ಯವಧಾನ ನಮ್ಮ ಪವಾಡ ಬಯಲು ಕಾರ್ಯಕ್ರಮಗಳಲ್ಲಿ ನಾನು ಕಂಡಿಲ್ಲ. ಬಟ್ಟಲು ಗುಂಡಿನ ಆಟ, ಬುಟ್ಟಿಯೊಳಗಿನ ಹುಡುಗನ ಆಟ, ಕ್ಷಣದಲ್ಲಿ ಬೆಳೆಯುವ ಮಾವಿನ ಗಿಡ, ಇವೆಲ್ಲ ತಲೆಮಾರುಗಳಿಂದ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ವಿದ್ಯೆ. ಪಶ್ಚಿಮದ ಜಾದೂಗಾರರು ಅವುಗಳನ್ನು ನೋಡಿ ಕಲಿತು, ಪೋಷಾಕು ಹಾಕಿ, ‘ಹಿಂದೂ’ ಎಂಬ ವಿಶೇಷಣ ಸೇರಿಸಿ ತಮ್ಮ ರಂಗಮಂದಿರಗಳಲ್ಲಿ ಮಾರಿಕೊಂಡರು.

ಕಾನೂನು ಕೂಡ ಮೊದಲು ಬಡವರನ್ನೇ ಹಿಡಿಯುತ್ತದೆ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಹಾಡು, ಕುಣಿತ, ಕಣಿ ಹೇಳುವುದು, ಬೀದಿಯಲ್ಲಿ ಆಟ ತೋರಿಸುವುದು ಇವುಗಳ ನೆಪದಲ್ಲಿ ಹಣ ಕೇಳುವುದನ್ನೂ ಭಿಕ್ಷೆಯೆಂದೇ ಎಣಿಸಿತು. ಬೀದಿಯ ಜಾದೂಗಾರ ಹೀಗೆ ಭಿಕ್ಷುಕನಾದ. ದೊಡ್ಡ ಮಠ, ದೊಡ್ಡ ಆಶ್ರಮಗಳ ಪವಾಡಕ್ಕೆ ಪೊಲೀಸರು ಬರುವುದು ಅಪರೂಪ. ಮೇಡಂ, ನಿಮ್ಮ ಶಾಲೆಯ ಮಕ್ಕಳಲ್ಲಿ ಕೆಲವರು ಜಾದೂ ಎಂದರೆ ಬರೀ ಮೋಸ ಎಂದರಲ್ಲ, ಆ ಮಾತು ನಾಳೆ ಊರಿಗೆ ಬರುವ ಗಾರುಡಿಗರ ಮೇಲೆ ಕಲ್ಲಾಗಿ ಬೀಳದಂತೆ ನೋಡಿಕೊಳ್ಳುವುದೂ ವೈಚಾರಿಕತೆಯ ಭಾಗವೇ ಎಂದು ನನ್ನ ಕಳಕಳಿಯ ವಿನಂತಿ.

ಉತ್ತರ 3: ನಿವೃತ್ತ ಪತ್ರಕರ್ತ, ಬೆಂಗಳೂರು

ಚರ್ಚೆ ಜಾದೂಗಾರರ ಸುತ್ತ, ವಂಚಕರ ಸುತ್ತ ನಡೆದಿದೆ. ಮೂರನೆಯವರಾದ ನಮ್ಮನ್ನು, ಅಂದರೆ ಪತ್ರಿಕೆ, ಟಿವಿ, ಈಗಿನ ಮೊಬೈಲನ್ನು ಯಾರೂ ಕಟಕಟೆಗೆ ತಂದಿಲ್ಲ. ಭಾರತದ ಜಾದೂವೆಂದರೆ ಲೋಕವೆಲ್ಲ ನೆನಪಿಸಿಕೊಳ್ಳುವ ಹಗ್ಗದ ಆಟವನ್ನೇ ತೆಗೆದುಕೊಳ್ಳಿ. ಹಗ್ಗ ಆಕಾಶಕ್ಕೆ ನೆಟ್ಟಗೆ ಏರುತ್ತದೆ, ಹುಡುಗ ಅದನ್ನು ಹತ್ತಿ ಮಾಯವಾಗುತ್ತಾನೆ. 1890ರ ಆಗಸ್ಟ್‌ನಲ್ಲಿ ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ ಇದನ್ನು ಇಬ್ಬರು ಅಮೆರಿಕನ್ನರು ಕಣ್ಣಾರೆ ಕಂಡಂತೆ ಪ್ರಕಟಿಸಿತು. ಕ್ಯಾಮೆರಾದಲ್ಲಿ ಹಗ್ಗವೂ ಇರಲಿಲ್ಲ, ಹುಡುಗನೂ ಇರಲಿಲ್ಲ, ಆದ್ದರಿಂದ ಇದು ಸಮೂಹ ಸಮ್ಮೋಹನ ಎಂಬ ವಿವರಣೆಯನ್ನೂ ಆ ವರದಿಯೇ ಕೊಟ್ಟಿತು. ಕೆಲವು ತಿಂಗಳ ನಂತರ, ಅದು ಕಟ್ಟುಕಥೆ ಎಂದು ಪತ್ರಿಕೆ ತಾನೇ ಒಪ್ಪಿಕೊಂಡಿತು. ಅಷ್ಟರಲ್ಲಿ ಕಥೆ ಬೇರೆ ಬೇರೆ ದೇಶಗಳ ಪತ್ರಿಕೆಗಳನ್ನು ಸುತ್ತಿ ಬಂದಿತ್ತು. ತಪ್ಪೊಪ್ಪಿಗೆ ಅಷ್ಟು ದೂರ ಹೋಗಲಿಲ್ಲ. 1934ರಲ್ಲಿ ಲಂಡನ್ನಿನ ಜಾದೂಗಾರರ ಸಂಘವಾದ ಮ್ಯಾಜಿಕ್ ಸರ್ಕಲ್, ಬಯಲಿನಲ್ಲಿ ಇದನ್ನು ಮಾಡಿ ತೋರಿಸಿದವರಿಗೆ 500 ಗಿನಿ ಬಹುಮಾನ ಘೋಷಿಸಿತು, ಗೆದ್ದವರಿಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು ಆಮೇಲೆ ನಡೆದ ಅಧ್ಯಯನ. ರಿಚರ್ಡ್ ವೈಸ್‌ಮನ್ ಮತ್ತು ಪೀಟರ್ ಲ್ಯಾಮೊಂಟ್ ಎಂಬ ಸಂಶೋಧಕರು ಹಗ್ಗದ ಆಟವನ್ನು ಕಂಡೆವೆಂದವರ ಹೇಳಿಕೆಗಳನ್ನು ಕಲೆಹಾಕಿ, 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ನೋಡಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಎಷ್ಟು ಹೆಚ್ಚು ವರ್ಷಗಳು ಕಳೆದಿದ್ದವೋ ಆ ವರ್ಣನೆ ಅಷ್ಟು ಹೆಚ್ಚು ಅದ್ಭುತವಾಗಿತ್ತು. ಈ ಜನ ಸುಳ್ಳುಗಾರರಾಗಿರಬೇಕಿಲ್ಲ; ನೆನಪು ಕೆಲಸ ಮಾಡುವ ಬಗೆಯೇ ಹಾಗೆ.

ಟಿವಿ ಬಂದ ಮೇಲೆ ವರ್ಷಗಳವರೆಗೆ ಕಾಯಬೇಕಾದ ಅಗತ್ಯವೂ ಉಳಿಯಲಿಲ್ಲ. 1956ರ ಏಪ್ರಿಲ್ 9ರಂದು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದಲ್ಲಿ ಭಾರತದ ಜಾದೂಗಾರ ಪಿ. ಸಿ. ಸರ್ಕಾರ್ ಅವರು ಯುವತಿಯೊಬ್ಬಳನ್ನು ಗರಗಸದಿಂದ ಕೊಯ್ಯುವ ಆಟ ತೋರಿಸಿದರು. ಅವಳು ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮ ಮುಗಿಯಿತು. ಕೊಲೆಯೇ ನಡೆದುಹೋಯಿತೆಂದು ಗಾಬರಿಗೊಂಡ ವೀಕ್ಷಕರು ಬಿಬಿಸಿಗೆ ಸಾಲುಸಾಲಾಗಿ ಫೋನ್ ಮಾಡಿದರು. ಅದು ಜಾದೂ ಎಂದು ಗೊತ್ತಿದ್ದೂ ಜನ ನಂಬಿದರು ಎಂಬುದನ್ನು ಗಮನಿಸಿ. ನಮ್ಮ ದೇಶದಲ್ಲಿ 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ಸುದ್ದಿ ಒಂದೇ ದಿನದಲ್ಲಿ ವಿದೇಶಗಳ ದೇವಾಲಯಗಳನ್ನೂ ತಲುಪಿತು. ಚಮಚದ ಅಂಚಿನಿಂದ ಹಾಲು ಮೇಲ್ಮೈ ಸೆಳೆತದಿಂದ ವಿಗ್ರಹಕ್ಕೆ ಅಂಟಿಕೊಂಡು ತೆಳುವಾದ ಪದರವಾಗಿ ಕೆಳಗಿಳಿಯುತ್ತದೆ. ಹಾಲಿಗೆ ಬಣ್ಣ ಬೆರೆಸಿದಾಗ ಅದು ಇಳಿದ ದಾರಿ ಕಾಣಿಸಿತು. ಬಣ್ಣದ ಹಾಲಿನ ಸುದ್ದಿಗೆ ಸಿಕ್ಕ ಜಾಗ ಎಷ್ಟು ಎಂದು ಆ ದಿನಗಳ ಪತ್ರಿಕೆ ಓದಿದವರಿಗೆ ನೆನಪಿರಬಹುದು.

ಬಯಲು ಮಾಡಿದರೆ ಸಾಕು, ವಂಚನೆ ನಿಲ್ಲುತ್ತದೆ ಎಂಬ ನಂಬಿಕೆಗೂ ಆಧಾರ ಕಡಿಮೆ. ಅಮೆರಿಕದ ಧರ್ಮಬೋಧಕ ಪೀಟರ್ ಪೊಪೊಫ್ ತನ್ನ ಸಭೆಗೆ ಬಂದವರ ಹೆಸರು, ವಿಳಾಸ, ಕಾಯಿಲೆಗಳನ್ನು ದೇವರೇ ತಿಳಿಸಿದಂತೆ ಹೇಳುತ್ತಿದ್ದ. ಜನ ಸಭೆಗೆ ಮೊದಲು ತುಂಬಿಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಆತನ ಹೆಂಡತಿ ರೇಡಿಯೊ ಮೂಲಕ ಆತನ ಕಿವಿಗೆ ಓದುತ್ತಿದ್ದಳು. ರ‍್ಯಾಂಡಿಯ ತಂಡ ಆ ಧ್ವನಿಯನ್ನು ಹಿಡಿದು 1986ರಲ್ಲಿ ಜನಪ್ರಿಯ ಟಿವಿ ಕಾರ್ಯಕ್ರಮದಲ್ಲಿ ಕೇಳಿಸಿತು. ಮರುವರ್ಷ ಪೊಪೊಫ್ ದಿವಾಳಿ ಘೋಷಿಸಿದ. ಕೆಲವು ವರ್ಷಗಳ ನಂತರ ಟಿವಿಗೇ ಮರಳಿ, ಪವಾಡದ ನೀರಿನ ಹೆಸರಿನಲ್ಲಿ ಮತ್ತೆ ಜನರಿಂದ ಹಣ ಪಡೆಯತೊಡಗಿದ. ಅದಕ್ಕಾಗಿಯೇ ಎಚ್. ನರಸಿಂಹಯ್ಯನವರ ಹಾದಿ ನನಗೆ ಹೆಚ್ಚು ಹಿಡಿಸುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿ, ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು. ಆಹ್ವಾನಕ್ಕೆ ಒಪ್ಪಿಗೆ ಸಿಗಲಿಲ್ಲ. ಆದರೆ ಅದಕ್ಕೂ ಬಹಳ ಮುಂಚೆ, 1962ರಿಂದಲೇ, ಬೆಂಗಳೂರು ಸೈನ್ಸ್ ಫೋರಂ ಮೂಲಕ ಸಾಮಾನ್ಯ ಜನರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸುತ್ತಿದ್ದರು. ಸುದ್ದಿಯಾದದ್ದು ಪತ್ರ, ಬೇರೂರಿದ್ದು ಉಪನ್ಯಾಸ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಕಲಬುರಗಿಯವರ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ಗಾರುಡಿಗರ ಆಟವನ್ನು ಮಕ್ಕಳು ಗೌರವದಿಂದ ನೋಡುವಂತಾಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೈಸೂರಿನ ಸರ್, ಒಂದು ತರಗತಿಯ ಅವಧಿಯಲ್ಲಿ, ಹೊರಗಿನ ಕಲಾವಿದರಿಲ್ಲದೆ, ನಾನೇ ಮಾಡಬಹುದಾದ ಒಂದು ಪಾಠವನ್ನು ಸೂಚಿಸುವಿರಾ?

ಉತ್ತರ 4: ವೃತ್ತಿನಿರತ ಜಾದೂಗಾರ, ಮೈಸೂರು

ಮೇಡಂ, ಮೊದಲು ಕಲಬುರಗಿಯವರಿಗೆ ಒಂದು ಮಾತು. ನೀವು ಎತ್ತಿದ ಆಕ್ಷೇಪ ನ್ಯಾಯವಾದದ್ದು. ಬುಟ್ಟಿಯ ಆಟದ ಗುಟ್ಟನ್ನು ನಾನು ಎಲ್ಲಿಯೂ ಹೇಳುವುದಿಲ್ಲ. ತಾಯಿತದ ವಿಷಯದಲ್ಲಿ ಮಾತ್ರ ಸುಮ್ಮನಿರಲಾರೆ, ಅದನ್ನು ಕೊಡುವವರು ಎಷ್ಟೇ ಬಡವರಾಗಿದ್ದರೂ. ತಾಯಿತ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವವರೂ ಬಡವರೇ.

ಪಾಠಕ್ಕೆ ಅರಿಶಿನ, ಸುಣ್ಣ, ನಿಂಬೆಹಣ್ಣು ಸಾಕು. ಹೋಮಕುಂಡದ ಬೆಂಕಿ ಬೇಡ: ಅಲ್ಲಿ ತುಪ್ಪವೆಂದು ಸುರಿಯುವುದು ಗ್ಲಿಸರಿನ್, ಅಡಿಯಲ್ಲಿರುವುದು ಪೊಟ್ಯಾಸಿಯಂ ಪರ್ಮಾಂಗನೇಟ್, ಬೆಂಕಿ ಯಾವ ಕ್ಷಣದಲ್ಲಿ ಏಳುತ್ತದೆಂದು ಅಳೆದು ಹೇಳುವುದು ಕಷ್ಟ. ಕರ್ಪೂರವನ್ನಂತೂ ಮಕ್ಕಳ ಕೈಗೆ ಕೊಡಬೇಡಿ, ಮನೆಯಲ್ಲಿ ಮಾಡಿ ನಾಲಿಗೆ ಸುಟ್ಟುಕೊಳ್ಳುತ್ತಾರೆ.

ತರಗತಿಗೆ ಬರುವ ಮೊದಲೇ ಬಿಳಿಯ ಬಟ್ಟೆಯೊಂದನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ. ಇನ್ನೊಂದು ಲೋಟದಲ್ಲಿ ಸುಣ್ಣದ ತಿಳಿನೀರು ಇಟ್ಟುಕೊಳ್ಳಿ. ಸುಣ್ಣದ ಕೆಲಸವನ್ನು ನೀವೇ ಮಾಡಿ, ಮಕ್ಕಳ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಈ ಹಳದಿ ಬಟ್ಟೆ ಸುಳ್ಳು ಹೇಳಿದವರನ್ನು ಗುರುತಿಸುತ್ತದೆ ಎಂದು ಹೇಳಿ, ಆ ತಿಳಿನೀರನ್ನು ಚಿಮುಕಿಸಿದರೆ ಬಟ್ಟೆ ರಕ್ತದಂತೆ ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆರತಿಯ ತಟ್ಟೆಯಲ್ಲಿ ಇದೇ ಕೆಂಪನ್ನು ಎಲ್ಲ ಮಕ್ಕಳೂ ಕಂಡಿರುತ್ತಾರೆ, ಆದರೂ ಆ ಹೊತ್ತಿನಲ್ಲಿ ಎಷ್ಟೋ ಜನಕ್ಕೆ ನೆನಪಾಗುವುದಿಲ್ಲ.

ಕಾರಣವನ್ನು ಕೂಡಲೇ ಹೇಳಬೇಡಿ. ತಾವು ಕಂಡದ್ದನ್ನು ಪ್ರತಿಯೊಬ್ಬರೂ ಪಕ್ಕದವರೊಡನೆ ಮಾತನಾಡದೆ ಹಾಳೆಯಲ್ಲಿ ಬರೆಯಲಿ; ಹಾಳೆಗಳನ್ನು ಸಂಗ್ರಹಿಸಿ ಬೀರುವಿನಲ್ಲಿಡಿ. ಒಂದು ವಾರದ ನಂತರ ಅದನ್ನೇ ಮತ್ತೆ ಬರೆಸಿ, ಆಮೇಲೆ ಹಳೆಯ ಹಾಳೆ ಹಿಂದಿರುಗಿಸಿ, ಎರಡನ್ನೂ ಅವರೇ ಹೋಲಿಸಿ ನೋಡಲಿ. ಲೋಟ ಯಾವ ಕೈಯಲ್ಲಿತ್ತು, ಬಟ್ಟೆಯನ್ನು ಯಾರು ಮುಟ್ಟಿದ್ದರು, ನಿಂಬೆಹಣ್ಣು ಮೊದಲು ಬಂತೋ ಸುಣ್ಣದ ನೀರೋ, ಇಂತಹ ವಿವರಗಳಲ್ಲಿ ವ್ಯತ್ಯಾಸ ಕಾಣಿಸಲಿದೆ. ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನು ಅಂದೇ ಮಾಡಿ. ಬಟ್ಟೆಯನ್ನು ಮಾತ್ರ ಎಸೆಯಬೇಡಿ. ಮುಂದಿನ ವರ್ಷದ ಮಕ್ಕಳಿಗೂ ಅದನ್ನೇ ತೊಳೆದು, ಅರಿಶಿನದಲ್ಲಿ ಅದ್ದಿ ಬಳಸಬಹುದು.